ಹದಿಹರೆಯದ ಮಕ್ಕಳ ಜೊತೆ ಕ್ರೂಸ್: ಹಡಗು ಆರಿಸುವ ಮುನ್ನ

ನಾವು ಮೊದಲ ಸಲ ಕ್ರೂಸ್‌ಗೆ ಹೋದಾಗ ಮಗಳಿಗೆ ಹದಿಮೂರು, ಮಗನಿಗೆ ಹದಿನೈದು ತುಂಬಿತ್ತು. ಎರಡು ತಿಂಗಳು ಕೂತು ಊಟ ಎಲ್ಲಿ ಚೆನ್ನ, ಬಾಲ್ಕನಿ ಎಷ್ಟು ಅಗಲ, ಯಾವ ಬಂದರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದೆಲ್ಲ ಅಳೆದು ತೂಗಿದ್ದೆವು. ಹತ್ತಿದ ಮೇಲೆ ಗೊತ್ತಾಯಿತು, ಆ ಹಡಗಿನಲ್ಲಿ ಹದಿಹರೆಯದವರು ಕೂಡಿ ಆಡುವ, ಹರಟುವ ಟೀನ್ ಕ್ಲಬ್ಬು ಹದಿನಾಲ್ಕರವರೆಗಿನವರಿಗೆ ಒಂದು, ಹದಿನೈದು ತುಂಬಿದವರಿಗೆ ಇನ್ನೊಂದು. ಅಣ್ಣನ ಜೊತೆಗೇ ಇರುತ್ತೇನೆ ಅಂದುಕೊಂಡಿದ್ದ ಮಗಳು ಬಾಗಿಲಿನಿಂದಲೇ ವಾಪಸು ಬಂದಳು. ಎರಡು ದಿನ ಕ್ಯಾಬಿನ್ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಟೇಬಲ್ ಟೆನಿಸ್ ಮೇಜಿನ ಹತ್ತಿರ ಒಬ್ಬ ಗೆಳತಿ ಸಿಕ್ಕಳು. ಅಲ್ಲಿಂದಾಚೆ ಅವಳು ನಮ್ಮ ಕೈಗೆ ಊಟದ ಹೊತ್ತಿಗೂ ಸಿಗಲಿಲ್ಲ.

ಹದಿಹರೆಯದವರ ರಜೆಯನ್ನು ಉಳಿಸುವವರು ಓರಗೆಯವರು. ನೀರಿನ ಜಾರುಬಂಡಿ, ರೋಲರ್ ಕೋಸ್ಟರ್, ಪಿಜ್ಜಾ ಎಲ್ಲ ಒಂದೆರಡು ದಿನದ ಖುಷಿ. ಐದನೆಯ ರಾತ್ರಿ ಹತ್ತು ಗಂಟೆಗೆ ನಿಮ್ಮ ಮಗ ಅಥವಾ ಮಗಳು ಎಲ್ಲಿ, ಯಾರ ಜೊತೆ ಇರುತ್ತಾರೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಹಡಗು ಹುಡುಕಿ. ಕೆಳಗಿನ ಹೆಜ್ಜೆಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಹೆಜ್ಜೆ 1: ಹೊರಡುವ ದಿನದ ವಯಸ್ಸು ಬರೆದುಕೊಳ್ಳಿ

ಮಕ್ಕಳನ್ನು ಕ್ರೂಸ್ ಕಂಪನಿಗಳು ಗುಂಪು ಮಾಡುವುದು ಹಡಗು ಹೊರಡುವ ದಿನದ ವಯಸ್ಸಿನ ಮೇಲೆ. ಬುಕಿಂಗ್ ಮಾಡಿದ ದಿನ ಎಷ್ಟಿತ್ತು ಎಂಬುದು ಲೆಕ್ಕಕ್ಕಿಲ್ಲ. ಒಂದು ಹಾಳೆ ತೆಗೆದುಕೊಂಡು ಪ್ರತಿ ಮಗುವಿನ ಹೆಸರಿನ ಮುಂದೆ ಆ ದಿನದ ವಯಸ್ಸು ಬರೆಯಿರಿ. ಆಮೇಲೆ ಯಾವ ಕಂಪನಿ ಎಲ್ಲಿ ಗೆರೆ ಎಳೆಯುತ್ತದೆ ನೋಡಿ.

ಕಾರ್ನಿವಲ್‌ನಲ್ಲಿ 12ರಿಂದ 14ರವರಿಗೆ ‘ಸರ್ಕಲ್ ಸಿ’, 15ರಿಂದ 17ರವರಿಗೆ ‘ಕ್ಲಬ್ ಓಟೂ’. ಎಂಎಸ್‌ಸಿ ಕೂಡ ಇದೇ ಜಾಗದಲ್ಲಿ, ಹದಿನಾಲ್ಕು ಮತ್ತು ಹದಿನೈದರ ನಡುವೆ ಗೆರೆ ಎಳೆಯುತ್ತದೆ. ರಾಯಲ್ ಕೆರಿಬಿಯನ್ 12ರಿಂದ 17ರವರನ್ನು ಹದಿಹರೆಯದವರೆಂದು ಕರೆಯುತ್ತದೆ. ಮಕ್ಕಳು ಹೆಚ್ಚಿದ್ದರೆ ಕೆಲವು ಕಾರ್ಯಕ್ರಮಗಳನ್ನು ಚಿಕ್ಕವರಿಗೆ, ದೊಡ್ಡವರಿಗೆ ಎಂದು ಎರಡು ಮಾಡುವುದುಂಟು. ನಾರ್ವೇಜಿಯನ್ ಮತ್ತು ಪ್ರಿನ್ಸೆಸ್‌ನಲ್ಲಿ ಹದಿಹರೆಯ ಶುರುವಾಗುವುದು 13ಕ್ಕೆ, ಮುಗಿಯುವುದು 17ಕ್ಕೆ. ಡಿಸ್ನಿಯಲ್ಲಿ 11ರಿಂದ 14ಕ್ಕೆ ‘ಎಡ್ಜ್’, 14ರಿಂದ 17ಕ್ಕೆ ‘ವೈಬ್’.

ಈ ಗೆರೆಗಳು ಸಣ್ಣ ವಿಷಯದಂತೆ ಕಾಣುತ್ತವೆ, ಆದರೆ ಪ್ರವಾಸದ ರುಚಿ ಕೆಡುವುದು ಇಲ್ಲಿಯೇ. ನಿಮ್ಮ ಹುಡುಗನಿಗೆ 12 ಇದ್ದು ನಾರ್ವೇಜಿಯನ್ ಹತ್ತಿದರೆ ಅವನನ್ನು ಚಿಕ್ಕ ಮಕ್ಕಳ ‘ಸ್ಪ್ಲಾಶ್ ಅಕಾಡೆಮಿ’ಗೆ ಕಳಿಸುತ್ತಾರೆ. ಮೀಸೆ ಚಿಗುರುತ್ತಿರುವ ಹುಡುಗ ಅಲ್ಲಿ ಬಣ್ಣದ ಪೆನ್ಸಿಲ್ ಹಿಡಿಯಲು ಒಪ್ಪುವುದು ಕಷ್ಟ. ಅದೇ ಹುಡುಗ ರಾಯಲ್ ಕೆರಿಬಿಯನ್‌ನಲ್ಲೋ ಕಾರ್ನಿವಲ್‌ನಲ್ಲೋ ಇದ್ದಿದ್ದರೆ ದೊಡ್ಡವರ ಸಾಲಿಗೆ ಸೇರುತ್ತಿದ್ದ. ಹದಿನಾಲ್ಕರ ಮಗಳಿಗೆ ಡಿಸ್ನಿ ಒಳ್ಳೆಯ ಜಾಗ, ಎರಡು ಕ್ಲಬ್ಬಿನಲ್ಲಿ ಯಾವುದು ತನಗೆ ಹೊಂದುತ್ತದೋ ಅಲ್ಲಿ ಇರಬಹುದು. 13 ಮತ್ತು 16ರ ಅಣ್ಣತಂಗಿ ಒಟ್ಟಿಗೆ ಇರಬೇಕೆಂದರೆ 13–17ನ್ನು ಒಂದೇ ಗುಂಪು ಮಾಡುವ ಕಂಪನಿ ನೋಡಿ. ಅವರಿಬ್ಬರಿಗೆ ಒಬ್ಬರ ನೆರಳು ಕಂಡರೆ ಇನ್ನೊಬ್ಬರಿಗೆ ಆಗದು ಎಂದಾದರೆ ಕಾರ್ನಿವಲ್, ಎಂಎಸ್‌ಸಿಗಳ ಗೆರೆಯೇ ವರ. ‘ಒಂದು ತಿಂಗಳಷ್ಟೇ ಕಡಿಮೆ, ಸೇರಿಸಿಕೊಳ್ಳಿ’ ಎಂದು ಹಡಗಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹುಟ್ಟುಹಬ್ಬ ಹತ್ತಿರವಿದ್ದರೆ ಪ್ರಯಾಣವನ್ನು ಅದರ ಆಚೆಗೋ ಈಚೆಗೋ ತಳ್ಳುವುದು ಸುಲಭದ ದಾರಿ.

18, 19ರವರ ಬಗ್ಗೆ ಒಂದು ಮಾತು. ಅವರು ಟೀನ್ ಕ್ಲಬ್ಬಿಗೆ ದೊಡ್ಡವರು. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಮದ್ಯದ ವಯಸ್ಸು 21 ಆದ್ದರಿಂದ ರಾತ್ರಿಯ ಬಾರುಗಳಿಗೆ ಚಿಕ್ಕವರು. ಕಾಲೇಜು ಸೇರಿದ ಮಗ ತಮ್ಮನ ಜೊತೆ ಬರುತ್ತಿದ್ದರೆ ಅವನಿಗೊಬ್ಬ ಸ್ನೇಹಿತನನ್ನೋ ಓರಗೆಯ ದಾಯಾದಿಯನ್ನೋ ಕರೆತನ್ನಿ ಎಂದು ನಾನು ಒತ್ತಿ ಹೇಳುತ್ತೇನೆ. ವರ್ಜಿನ್ ವಾಯೇಜಸ್ ಮತ್ತು ವೈಕಿಂಗ್ 18 ತುಂಬದವರನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಅವರ ಜಾಹೀರಾತು ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಿಂದ ತೆಗೆಯಿರಿ.

ಹೆಜ್ಜೆ 2: ಆ ವಾರ ಹಡಗಿನಲ್ಲಿ ಮಕ್ಕಳಿರುತ್ತಾರೆಯೇ?

ಇದನ್ನು ಯಾರೂ ಕರಪತ್ರದಲ್ಲಿ ಮುದ್ರಿಸುವುದಿಲ್ಲ. ಒಂದೇ ಹಡಗು, ಒಂದೇ ದಾರಿ. ಶಾಲೆಗಳ ಬೇಸಿಗೆ ರಜೆಯಲ್ಲಿ ಹೋದರೆ ಟೀನ್ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಶಾಲೆ ನಡೆಯುತ್ತಿರುವ ತಿಂಗಳಲ್ಲಿ ಹೋದರೆ ಇಬ್ಬರೋ ಮೂವರೋ ಕೂತು ವಿಡಿಯೋ ಗೇಮ್ ಆಡುತ್ತಿರುತ್ತಾರೆ. ಟಿಕೆಟ್ ಅಗ್ಗವೆಂದು ರಜೆಯಿಲ್ಲದ ವಾರ ಹುಡುಕುವವರು ಈ ಬೆಲೆಯನ್ನೂ ಲೆಕ್ಕ ಹಾಕಬೇಕು. ಹಡಗು ಯಾವ ದೇಶದಿಂದ ಹೊರಡುತ್ತದೋ ಆ ದೇಶದ ಶಾಲಾ ರಜೆಯ ಪಟ್ಟಿ ತೆಗೆದು ನೋಡಿ, ನಿಮ್ಮ ರಜೆಯ ಜೊತೆ ಹೊಂದಿಸಿ. ಹಡಗಿನ ಬಹುಪಾಲು ಕುಟುಂಬಗಳು ಅಲ್ಲಿಯವೇ ಆಗಿರುತ್ತವೆ.

ರಜೆಯ ವಾರ ಎಂದರೆ ಗದ್ದಲವೂ ಹೆಚ್ಚು. 2024ರ ಜನವರಿಯಲ್ಲಿ ಸಂಚಾರಕ್ಕಿಳಿದ, ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದಿ ಸೀಸ್ ಹಡಗನ್ನೇ ನೋಡಿ. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ ಅದರಲ್ಲಿ 5,610 ಪ್ರಯಾಣಿಕರು. ಮೂರನೆಯ, ನಾಲ್ಕನೆಯ ಹಾಸಿಗೆಗಳೂ ತುಂಬಿದರೆ ಸುಮಾರು 7,600. ಆ ಹೆಚ್ಚುವರಿ ಹಾಸಿಗೆಗಳಲ್ಲಿ ಮಲಗುವವರು ಬಹುತೇಕ ಮಕ್ಕಳೇ. ರಜೆಯ ವಾರದಲ್ಲಿ ಲಿಫ್ಟಿಗೆ, ಜಾರುಬಂಡಿಗೆ, ಬೆಳಗಿನ ತಿಂಡಿಗೆ ಸಾಲು ಇದ್ದೇ ಇರುತ್ತದೆ. ದೊಡ್ಡವರಿಗೆ ಅದು ಕಿರಿಕಿರಿ, ಹದಿನಾರರ ಹುಡುಗನಿಗೆ ಅದು ಜಾತ್ರೆ.

ಎಷ್ಟು ದಿನ? ಮೂರು ನಾಲ್ಕು ರಾತ್ರಿಯ ಪ್ರಯಾಣ ನಾನಾದರೆ ಆರಿಸುವುದಿಲ್ಲ. ಸ್ನೇಹ ಕುದುರುವ ಹೊತ್ತಿಗೆ ಇಳಿಯುವ ದಿನ ಬಂದಿರುತ್ತದೆ. ವಾರಾಂತ್ಯದ ಚಿಕ್ಕ ಪ್ರಯಾಣಗಳಲ್ಲಿ ಕುಡಿದು ಕುಣಿಯಲು ಬಂದ ಗುಂಪುಗಳೂ ಹೆಚ್ಚು. ಏಳು ರಾತ್ರಿ ಸರಿಯಾದ ಅಳತೆ.

ಹೆಜ್ಜೆ 3: ಕಂಪನಿಯ ಹೆಸರಿಗೆ ಮರುಳಾಗಬೇಡಿ, ಹಡಗಿನ ಹೆಸರು ಕೇಳಿ

ಒಂದೇ ಕಂಪನಿಯ ಎರಡು ಹಡಗುಗಳ ನಡುವೆ ಅಜಗಜಾಂತರ ಇರಬಹುದು. ರಾಯಲ್ ಕೆರಿಬಿಯನ್ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಬರುವುದು ಅಲೆ ಸವಾರಿಯ ಫ್ಲೋರೈಡರ್, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್, ತಂತಿಗೆ ಜೋತು ಜಾರುವ ಜಿಪ್‌ಲೈನ್. ಓಯಸಿಸ್ ವರ್ಗದ, ಅಂದರೆ ಆ ಒಂದೇ ನಮೂನೆಯಲ್ಲಿ ಕಟ್ಟಿದ ಹಡಗುಗಳಲ್ಲಿ ಇವೆಲ್ಲ ಇವೆ. ಆದರೆ 1990ರ ದಶಕದಲ್ಲಿ ಕಟ್ಟಿದ ವಿಷನ್ ವರ್ಗದ ಹಡಗಿನಲ್ಲಿ ಹತ್ತುವ ಗೋಡೆ ಸಿಕ್ಕೀತು, ಫ್ಲೋರೈಡರೂ ಇಲ್ಲ, ಸ್ಕೇಟಿಂಗೂ ಇಲ್ಲ. ಟಿಕೆಟ್ ಅಗ್ಗ ಎಂದು ಅದನ್ನು ಕೊಂಡು ಮಕ್ಕಳಿಗೆ ಬೇರೆ ಹಡಗಿನ ವಿಡಿಯೋ ತೋರಿಸಿದರೆ ಮೊದಲ ದಿನವೇ ಮುಖ ಸಣ್ಣದಾಗುತ್ತದೆ.

ಕಾರ್ನಿವಲ್‌ನ ‘ಬೋಲ್ಟ್’ ಕಥೆಯೂ ಇದೇ. ಸಮುದ್ರದ ಮೇಲಿನ ಮೊದಲ ರೋಲರ್ ಕೋಸ್ಟರ್ ಎಂದು ಹೆಸರಾದ ಅದು ಬಂದದ್ದು 2021ರ ಮಾರ್ಡಿ ಗ್ರಾ ಹಡಗಿನಲ್ಲಿ; ಆಮೇಲೆ ಅದೇ ವರ್ಗದ ಸೆಲೆಬ್ರೇಷನ್, ಜುಬಿಲಿಗಳಿಗೂ ಬಂತು. ಕಾರ್ನಿವಲ್‌ನ ಮಿಕ್ಕ ಹಡಗುಗಳಲ್ಲಿ ಇಲ್ಲ. ನಾರ್ವೇಜಿಯನ್‌ನ 2022ರ ಪ್ರೈಮಾ ಪುಟ್ಟ ರೇಸ್ ಕಾರು ಓಡಿಸುವ ಮೂರು ಅಂತಸ್ತಿನ ಗೋ-ಕಾರ್ಟ್ ಟ್ರ್ಯಾಕ್ ಇಟ್ಟುಕೊಂಡು ಬಂತು. ಅದೇ ಸಾಲಿನ ದೊಡ್ಡ ಹಡಗು ಆಕ್ವಾ 2025ರಲ್ಲಿ ಬಂದಾಗ ಟ್ರ್ಯಾಕ್ ಹೋಗಿ ನೀರಿನ ರೋಲರ್ ಕೋಸ್ಟರ್ ಇತ್ತು. ಹೊಸದಾದಷ್ಟೂ ಎಲ್ಲ ಇರುತ್ತದೆ ಎಂದು ತಿಳಿಯಬಾರದು.

ಆದ್ದರಿಂದ ಹಡಗಿನ ಹೆಸರು ಹಿಡಿದು ಅದರ ಡೆಕ್ ನಕ್ಷೆ, ಅಂದರೆ ಅಂತಸ್ತುಗಳ ನಕ್ಷೆ ತೆರೆಯಿರಿ. ಎಲ್ಲ ಕಂಪನಿಗಳೂ ಅದನ್ನು ಎಲ್ಲರಿಗೂ ಕಾಣುವಂತೆ ಇಟ್ಟಿವೆ. ಟೀನ್ ಕ್ಲಬ್ ಎಲ್ಲಿದೆ ನೋಡಿ. ಮೇಲಿನ ಡೆಕ್ಕಿನಲ್ಲಿ, ಆಟದ ಅಂಗಳಕ್ಕೋ ಈಜುಕೊಳಕ್ಕೋ ಹೊಂದಿಕೊಂಡಿದ್ದರೆ ಮಕ್ಕಳು ಹೋಗುತ್ತಾ ಬರುತ್ತಾ ಇಣುಕುತ್ತಾರೆ. ಚಿಕ್ಕಮಕ್ಕಳ ಆಟದ ಕೋಣೆಯ ಒಳಗಿಂದ ದಾಟಿ ಹೋಗಬೇಕಾದ ಮೂಲೆಯಲ್ಲಿದ್ದರೆ ಹದಿನಾರರವರು ಅತ್ತ ತಲೆ ಹಾಕುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಗಳ, ತಡರಾತ್ರಿವರೆಗೆ ಪಿಜ್ಜಾ ಸಿಗುವ ಜಾಗ, ಸುಮ್ಮನೆ ಕೂತು ಹರಟಲು ಮೂಲೆ ಇವೆಯೇ ನೋಡಿ. ಟೀನ್ ಕ್ಲಬ್ಬಿನಲ್ಲಿ ಪರಿಚಯವಾದವರು ಮೂರನೆಯ ದಿನದಿಂದ ಕ್ಲಬ್ಬಿನಲ್ಲಿ ಇರುವುದಿಲ್ಲ. ಹಡಗಿನ ತುಂಬಾ ಸುತ್ತುತ್ತಾರೆ. ಅವರಿಗೆ ಸುತ್ತಲು ಜಾಗ ಬೇಕು.

ಎತ್ತರದ ಮಿತಿಗಳನ್ನೂ ಈಗಲೇ ಓದಿಕೊಳ್ಳಿ. ಫ್ಲೋರೈಡರ್‌ನಲ್ಲಿ ಮಲಗಿ ಸವಾರಿ ಮಾಡಲು 52 ಅಂಗುಲ, ನಿಂತು ಮಾಡಲು 58 ಅಂಗುಲ ಎತ್ತರ ಬೇಕು. ಸಣ್ಣಗೆ ಬೆಳೆಯುವ ಹನ್ನೆರಡರ ಮಕ್ಕಳಿಗೆ ಎರಡನೆಯದು ದಕ್ಕದಿರಬಹುದು. ಓರಗೆಯವರ ಎದುರು ‘ನಿನಗೆ ಆಗಲ್ಲ’ ಅನ್ನಿಸಿಕೊಳ್ಳುವುದು ಆ ವಯಸ್ಸಿನಲ್ಲಿ ತೀರಾ ನೋವಿನ ಮಾತು.

ಹೆಜ್ಜೆ 4: ಮಗುವಿನ ಸ್ವಭಾವಕ್ಕೆ ಹೊಂದಿಸಿ, ಅವರನ್ನೇ ಕೂರಿಸಿಕೊಂಡು

ಮೂರು ಹಡಗುಗಳಿಗೆ ಪಟ್ಟಿ ಇಳಿದ ಮೇಲೆ ಮಕ್ಕಳ ಕೈಗೆ ಕೊಡಿ. ಪೂರ್ತಿ ಅವರಿಗೇ ಬಿಟ್ಟರೆ ಅತಿ ದುಬಾರಿಯದನ್ನೇ ತೋರಿಸುತ್ತಾರೆ; ನೀವೇ ಮುಗಿಸಿ ತಿಳಿಸಿದರೆ ‘ನನ್ನನ್ನು ಯಾರು ಕೇಳಿದರು’ ಎಂಬ ಮಾತು ಕೊನೆಯ ದಿನದವರೆಗೂ ಕೇಳಿಸುತ್ತದೆ.

ಮೈ ಬೆವರದೆ ನಿದ್ದೆ ಬಾರದ ಮಕ್ಕಳಿಗೆ ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳನ್ನು ನಾನು ಮೊದಲು ಹೇಳುತ್ತೇನೆ. ಐಕಾನ್‌ನ ನೀರಿನ ಉದ್ಯಾನದಲ್ಲೇ ಆರು ಜಾರುಬಂಡಿಗಳಿವೆ. ದುಡ್ಡು ಹಿಡಿತದಲ್ಲಿರಬೇಕು, ಗಲಗಲ ಇದ್ದರೂ ಪರವಾಗಿಲ್ಲ ಎಂದರೆ ಕಾರ್ನಿವಲ್. ಒಂದೇ ಹೊತ್ತಿಗೆ, ಒಂದೇ ಮೇಜಿಗೆ ಬರಲು ಒಲ್ಲದ ಮನೆಯವರಿಗೆ ನಾರ್ವೇಜಿಯನ್. ಅಲ್ಲಿ ಊಟಕ್ಕೆ ಗೊತ್ತುಪಡಿಸಿದ ಮೇಜು, ವೇಳೆ ಎಂಬುದಿಲ್ಲ. ನಾಚಿಕೆ ಸ್ವಭಾವದ, ಗುಂಪು ಕಂಡರೆ ಹಿಂಜರಿಯುವ ಮಗುವಿಗೆ ಡಿಸ್ನಿ. ಕ್ಲಬ್ಬಿನ ಸಿಬ್ಬಂದಿ ಹೊಸಬರನ್ನು ಮಾತಿಗೆಳೆಯುವುದರಲ್ಲಿ ಪಳಗಿದವರು, ಹಡಗಿನಲ್ಲಿ ಜೂಜಿನ ಕೋಣೆ ಇಲ್ಲ. ಬೆಲೆ ಮಾತ್ರ ಎಲ್ಲರಿಗಿಂತ ಮೇಲೆ. ಹದಿನೇಳರ ಹುಡುಗರಿಗೆ ‘ಇದು ಪುಟಾಣಿಗಳ ಹಡಗು’ ಎನಿಸಬಹುದೆಂಬ ಭಯವಿದ್ದರೆ ಅವರನ್ನೇ ಕೇಳಿಬಿಡಿ.

ಎಂಎಸ್‌ಸಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಡಗುಗಳು ಹೊಸವು, 2022ರ ವರ್ಲ್ಡ್ ಯೂರೋಪಾ, 2025ರ ವರ್ಲ್ಡ್ ಅಮೆರಿಕ ಎರಡೂ ಭಾರಿ ದೊಡ್ಡವು. ಹೆತ್ತವರ ಕ್ಯಾಬಿನ್ನಿನಲ್ಲಿ ಮಲಗುವ 18 ತುಂಬದ ಮಕ್ಕಳಿಗೆ ಬಂದರು ಶುಲ್ಕ, ತೆರಿಗೆ ಮಾತ್ರ ತೆಗೆದುಕೊಳ್ಳುವ ಕೊಡುಗೆಯೂ ಆಗಾಗ ಇರುತ್ತದೆ. ಆದರೆ ಮೆಡಿಟರೇನಿಯನ್‌ನಲ್ಲಿ ಎಂಎಸ್‌ಸಿ ಮತ್ತು ಕೋಸ್ಟಾ ಕಂಪನಿಗಳ ಹಡಗುಗಳು ಹಲವು ಬಂದರುಗಳಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತವೆ. ಬಾರ್ಸಿಲೋನಾದಲ್ಲಿ ನೀವು ಹತ್ತಿದ ದಿನವೇ ನಿಮ್ಮ ಮಗಳಿಗೆ ಗೆಳತಿಯಾದವಳು ಜಿನೋವಾದಲ್ಲಿ ಹತ್ತಿದವಳಾಗಿದ್ದರೆ, ಜಿನೋವಾ ಬಂದ ದಿನ ಅವಳು ಇಳಿದುಹೋಗುತ್ತಾಳೆ. ಓರಗೆಯವರ ಗುಂಪು ವಾರದ ನಡುವೆ ಬದಲಾಗುತ್ತಲೇ ಇರುತ್ತದೆ. ಕ್ಲಬ್ಬಿನಲ್ಲಿ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್ ಮಾತುಗಳು ಬೆರೆತಿರುತ್ತವೆ. ಯಾರ ಜೊತೆಗಾದರೂ ಕೈಸನ್ನೆಯಲ್ಲಿ ಬೆರೆಯಬಲ್ಲ ಮಗುವಿಗೆ ಅದೊಂದು ಸೊಗಸು. ಮಾತಿಗೆ ತಡವರಿಸುವ ಮಗುವಿಗೆ ಎಲ್ಲರೂ ಒಂದೇ ಬಂದರಿನಲ್ಲಿ ಹತ್ತಿ ಇಳಿಯುವ ಹಡಗು ಮೇಲು.

ಹೆಜ್ಜೆ 5: ದಾರಿ

ಬಂದರುಗಳ ಹೆಸರಿನಲ್ಲಿ ಕಳೆದುಹೋಗಬೇಡಿ, ಹಡಗು ಎಲ್ಲೂ ನಿಲ್ಲದೆ ಸಾಗುವ ದಿನಗಳು ಎಷ್ಟು ಎಣಿಸಿ. ಸ್ನೇಹ ಬೆಳೆಯುವುದು ಆ ದಿನಗಳಲ್ಲಿ. ಕೆರಿಬಿಯನ್‌ನ ಏಳು ರಾತ್ರಿಯ ಪ್ರಯಾಣದಲ್ಲಿ ಅಂಥ ದಿನಗಳು ಸಾಮಾನ್ಯವಾಗಿ ಎರಡು ಮೂರು ಇರುತ್ತವೆ. ಮೆಡಿಟರೇನಿಯನ್‌ನಲ್ಲಿ ಒಂದಿದ್ದರೆ ಹೆಚ್ಚು. ದಿನಾ ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಊರು ತೋರಿಸಬೇಕು, ಅದರಲ್ಲೂ ‘ರೋಮ್’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಚಿವಿಟವೆಕಿಯದಲ್ಲಿ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೋ. ಅಲ್ಲಿಂದ ರೈಲು, ಬಸ್ಸು ಹಿಡಿದು ಗಂಟೆಗಟ್ಟಲೆ ಹೋಗಿಬರಬೇಕು. ಇತಿಹಾಸ ಇಷ್ಟಪಡುವ ಮಗುವಾದರೆ ಅದೂ ಸಂಭ್ರಮವೇ. ಮಧ್ಯಾಹ್ನದವರೆಗೆ ಮಲಗುವ ಮಗುವಾದರೆ ಅದು ದಿನಾ ಬೆಳಗಿನ ಜಗಳ.

ಕೆರಿಬಿಯನ್, ಬಹಾಮಾಸ್ ಕಡೆ ಹೋಗುವುದಾದರೆ ಕಂಪನಿಗಳ ಸ್ವಂತ ದ್ವೀಪಗಳನ್ನು ಹೋಲಿಸಿ ನೋಡಿ. ರಾಯಲ್ ಕೆರಿಬಿಯನ್‌ನ ಕೊಕೊಕೇಯಲ್ಲಿ 135 ಅಡಿ ಎತ್ತರದ ಜಾರುಬಂಡಿ ಇದೆ, ಆದರೆ ಆ ನೀರಿನ ಉದ್ಯಾನಕ್ಕೆ ಬೇರೆಯೇ ಟಿಕೆಟ್. ಡಿಸ್ನಿಯ ಕ್ಯಾಸ್ಟವೇ ಕೇಯಲ್ಲಿ ಹದಿಹರೆಯದವರಿಗೆಂದೇ ಬೇರೆ ಜಾಗವಿದೆ. ಈ ಕಡಲಿನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಬೇಸಿಗೆ ರಜೆ ಅದರೊಳಗೇ ಬೀಳುತ್ತದೆ. ಚಂಡಮಾರುತ ಎದ್ದರೆ ಹಡಗು ದಾರಿ ಬದಲಿಸಿ ಸುರಕ್ಷಿತ ಜಾಗಕ್ಕೆ ಹೋಗುತ್ತದೆ, ಅಂದರೆ ನೀವು ಮನಸ್ಸಿನಲ್ಲಿಟ್ಟುಕೊಂಡ ದ್ವೀಪ ತಪ್ಪಬಹುದು. ದ್ವೀಪವೊಂದಕ್ಕಾಗಿಯೇ ಹಡಗು ಆರಿಸಬೇಡಿ.

ಅಲಾಸ್ಕ ಹದಿಹರೆಯದವರಿಗೆ ಬೇಸರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಿಮನದಿಯ ಮೇಲೆ ನಡೆಯುವುದು, ಕಯಾಕ್, ತಿಮಿಂಗಿಲ ನೋಡುವುದು ಫೋನು ಕೆಳಗಿಡಿಸುತ್ತವೆ. ಆದರೆ ಅಲ್ಲಿ ಹೊರಗಿನ ಈಜುಕೊಳದ ಆಸೆ ಬಿಡಿ. ಒಳಾಂಗಣ ಆಟಗಳಿರುವ ಹಡಗು ಬೇಕು. ಡಿಕ್ಕಿ ಹೊಡೆಯುವ ಕಾರುಗಳೂ ಒಳಾಂಗಣ ಆಟದ ಮೈದಾನವೂ ಇರುವ ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗ ಇಂಥ ಕಡೆಗೆ ಹೇಳಿಮಾಡಿಸಿದ್ದು.

ಹೆಜ್ಜೆ 6: ಕ್ಯಾಬಿನ್

ನಾಲ್ವರು ಒಂದೇ ಕ್ಯಾಬಿನ್ನಿನಲ್ಲಿ ಇದ್ದರೆ ಮೂರನೆಯ, ನಾಲ್ಕನೆಯವರ ದರ ಸಾಮಾನ್ಯವಾಗಿ ಕಡಿಮೆ. ಆದರೆ ಆ ಹಾಸಿಗೆಗಳು ಸೀಲಿಂಗಿನಿಂದ ಇಳಿಯುವ ಬಂಕುಗಳೋ ಸೋಫಾ ಬಿಡಿಸಿ ಮಾಡುವವೋ ಆಗಿರುತ್ತವೆ, ಸ್ನಾನದ ಮನೆ ಒಂದೇ. ಹದಿನಾರರ ಮಗಳು ಕನ್ನಡಿ ಮುಂದೆ ನಿಂತ ಸಂಜೆ ಆ ಉಳಿತಾಯ ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಕೈಗೆಟುಕುವುದಾದರೆ ನಡುವೆ ಬಾಗಿಲಿರುವ ಎರಡು ಕ್ಯಾಬಿನ್ ತೆಗೆದುಕೊಳ್ಳಿ. ಇಲ್ಲವೆಂದರೆ ನಿಮಗೊಂದು ಬಾಲ್ಕನಿ ಕ್ಯಾಬಿನ್, ಎದುರು ಸಾಲಿನಲ್ಲಿ ಮಕ್ಕಳಿಗೆ ಕಿಟಕಿಯಿಲ್ಲದ ಒಳಕ್ಯಾಬಿನ್. ಎರಡನೆಯ ಏರ್ಪಾಡು ಒಂದು ಬಾಲ್ಕನಿಯಲ್ಲಿ ನಾಲ್ವರು ಇರುವುದಕ್ಕಿಂತ ತುಂಬಾ ಹೆಚ್ಚಿನ ಖರ್ಚೇನೂ ಆಗದಿರಬಹುದು; ಎರಡಕ್ಕೂ ದರ ಹಾಕಿಸಿ ನೋಡಿ. ಕತ್ತಲ ಕೋಣೆ ಹದಿಹರೆಯದವರಿಗೆ ನಿದ್ದೆಗೆ ಇನ್ನೂ ಒಳ್ಳೆಯದು.

ಇಲ್ಲಿ ಎರಡು ತೊಡಕುಗಳಿವೆ. ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕ್ಯಾಬಿನ್ನಿನಲ್ಲೂ 21 ತುಂಬಿದ ಒಬ್ಬರು ಇರಬೇಕೆಂಬ ನಿಯಮವಿದೆ. ಹೆತ್ತವರು ಪಕ್ಕದಲ್ಲೋ ಎದುರಿನಲ್ಲೋ ಇದ್ದರೆ ವಿನಾಯಿತಿ ಕೊಡುವುದುಂಟು. ಎಷ್ಟು ಹತ್ತಿರ ಇರಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇನ್ನೊಂದು ತೊಡಕು ಜೀವರಕ್ಷಕ ದೋಣಿಗಳದ್ದು. ಹಡಗಿನ ಒಂದೊಂದು ಭಾಗಕ್ಕೂ ಇಷ್ಟೇ ಜನ ಎಂಬ ಲೆಕ್ಕವಿರುವುದರಿಂದ ಆ ಭಾಗ ತುಂಬಿದರೆ ಕ್ಯಾಬಿನ್ ಖಾಲಿ ಇದ್ದರೂ ಮೂರನೆಯ, ನಾಲ್ಕನೆಯವರನ್ನು ಸೇರಿಸುವುದಿಲ್ಲ. ಅದಕ್ಕೇ ಕುಟುಂಬದ ಕ್ಯಾಬಿನ್‌ಗಳು ರಜೆಯ ವಾರಗಳಲ್ಲಿ ಬಹಳ ಮುಂಚೆ ಮುಗಿಯುತ್ತವೆ. ಕೊನೆ ಗಳಿಗೆಯ ರಿಯಾಯಿತಿ ಇಬ್ಬರೇ ಹೋಗುವವರಿಗೆ ಸರಿ, ಮಕ್ಕಳೊಂದಿಗರು ಒಂದು ವರ್ಷದಷ್ಟು ಮುಂಚೆಯೇ ಹಿಡಿಯುವುದು ಲೇಸು.

ವಾಂತಿ ಬರುವವರಿದ್ದರೆ ಹಡಗಿನ ನಡುಭಾಗ, ಕೆಳ ಡೆಕ್.

ಹೆಜ್ಜೆ 7: ಟಿಕೆಟ್ ದರದ ಆಚೆಗಿನ ಖರ್ಚು

ಎರಡು ಕಂಪನಿಗಳ ದರ ಹೋಲಿಸುವಾಗ ಇವನ್ನೆಲ್ಲ ಕೂಡಿಸಿಯೇ ಹೋಲಿಸಿ. ಟಿಪ್ಸ್ ಹೆಚ್ಚಿನ ಅಮೆರಿಕನ್ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಮಕ್ಕಳಿಗೂ ಉಂಟು. ನಾಲ್ವರಿಗೆ ಏಳು ದಿನಕ್ಕೆ ಗುಣಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಸೋಡಾ, ತಂಪು ಪಾನೀಯಕ್ಕೆ ಬಹುತೇಕ ಕಡೆ ದುಡ್ಡು, ಡಿಸ್ನಿಯಲ್ಲಿ ಊಟದ ಜೊತೆ ಮತ್ತು ಡೆಕ್ಕಿನ ಯಂತ್ರದಲ್ಲಿ ಪುಕ್ಕಟೆ. ಗೋ-ಕಾರ್ಟ್, ಬೋಲ್ಟ್‌ನಂಥ ದೊಡ್ಡ ಆಕರ್ಷಣೆಗಳಿಗೆ ಸವಾರಿಯ ಲೆಕ್ಕದಲ್ಲಿ ಶುಲ್ಕ. ರಾಯಲ್ ಕೆರಿಬಿಯನ್‌ನ ಫ್ಲೋರೈಡರ್, ಹಡಗಿನ ಮೇಲಿನ ಜಾರುಬಂಡಿಗಳು ಟಿಕೆಟ್ಟಿನಲ್ಲೇ ಸೇರಿವೆ. ಟೀನ್ ಕ್ಲಬ್ ದೊಡ್ಡ ಕಂಪನಿಗಳೆಲ್ಲದರಲ್ಲೂ ಉಚಿತ, ವಿಡಿಯೋ ಗೇಮ್ ಆರ್ಕೇಡಿಗೆ ಮಾತ್ರ ದುಡ್ಡು. ಹಡಗಿನಲ್ಲಿ ಮಗುವಿಗೆ ಕೊಡುವ ಕಾರ್ಡಿಗೆ ಖರ್ಚಿನ ಮಿತಿ ಹಾಕಿಸಬಹುದು. ಹತ್ತಿದ ದಿನವೇ ಹಾಕಿಸಿ.

ಇನ್ನು ವೈಫೈ. ಇದರ ಬಗ್ಗೆ ಮನೆಯಲ್ಲೇ ಮಾತಾಡಿ ಮುಗಿಸಿ. ದರ ಸಾಮಾನ್ಯವಾಗಿ ಒಂದೊಂದು ಸಾಧನಕ್ಕೆ, ದಿನದ ಲೆಕ್ಕದಲ್ಲಿ. ಮುಂಚೆಯೇ ಕೊಂಡರೆ ಕಡಿಮೆ ಬೀಳುತ್ತದೆ. ಮಕ್ಕಳನ್ನು ಪೂರ್ತಿ ಇಂಟರ್ನೆಟ್ ಇಲ್ಲದೆ ಕರೆದೊಯ್ದರೆ ಪರಸ್ಪರ ಬೆರೆಯುತ್ತಾರೆ ಎಂದು ನಾನೂ ನಂಬಿದ್ದೆ. ಹಾಗಾಗಲಿಲ್ಲ. ಹಡಗಿನ ಮೇಲೆ ಮಕ್ಕಳು ‘ಎಲ್ಲಿದ್ದೀಯ’ ಎಂದು ಒಬ್ಬರನ್ನೊಬ್ಬರು ಹುಡುಕುವುದೂ ಫೋನಿನಲ್ಲೇ. ಹಡಗಿನ ಆ್ಯಪ್‌ನಲ್ಲಿ ಸಂದೇಶ ಕಳಿಸುವ ಸೌಲಭ್ಯ ಇದೆಯೇ ವಿಚಾರಿಸಿ. ಡಿಸ್ನಿಯಂಥ ಕೆಲವರಲ್ಲಿ ಉಚಿತ, ಕೆಲವರಲ್ಲಿ ಒಂದು ಸಣ್ಣ ಶುಲ್ಕ. ಅದಿಷ್ಟಿದ್ದರೆ ಮಕ್ಕಳು ನಿಮಗೂ ಸಿಗುತ್ತಾರೆ, ಅವರಿಗೆ ಗೆಳೆಯರೂ ಸಿಗುತ್ತಾರೆ. ಹಡಗು ದಡ ಬಿಟ್ಟ ಕೂಡಲೇ ಎಲ್ಲರ ಫೋನೂ ಏರ್‌ಪ್ಲೇನ್ ಮೋಡ್‌ಗೆ ಹೋಗಬೇಕು, ಇಲ್ಲವಾದರೆ ಸಮುದ್ರದ ಮೇಲಿನ ಮೊಬೈಲ್ ಜಾಲದ ಬಿಲ್ಲು ಮನೆಗೆ ಬಂದು ಕೂರುತ್ತದೆ.

ಹೆಜ್ಜೆ 8: ಸುರಕ್ಷತೆ, ನಿಯಮ, ಮನೆಯೊಳಗಿನ ಒಪ್ಪಂದ

ಹನ್ನೆರಡರ ಮೇಲಿನ ಮಕ್ಕಳು ಟೀನ್ ಕ್ಲಬ್ಬಿಗೆ ತಾವೇ ಬರುತ್ತಾರೆ, ತಾವೇ ಹೋಗುತ್ತಾರೆ. ಚಿಕ್ಕಮಕ್ಕಳ ಕೋಣೆಯಂತೆ ಹೆತ್ತವರಿಗೇ ಒಪ್ಪಿಸುವ ಪದ್ಧತಿ ಇಲ್ಲ. ಈ ಸ್ವಾತಂತ್ರ್ಯವೇ ಅವರಿಗೆ ಕ್ರೂಸ್ ಪ್ರಿಯವಾಗಲು ಕಾರಣ, ನಮಗೆ ಆತಂಕಕ್ಕೂ ಅದೇ ಕಾರಣ.

ರಾತ್ರಿ ಒಂದು ಗಂಟೆಯ ಮೇಲೆ ದೊಡ್ಡವರಿಲ್ಲದೆ 18 ತುಂಬದವರು ಓಡಾಡಬಾರದು ಎಂಬಂಥ ನಿಯಮ ಕೆಲವು ಕಂಪನಿಗಳಲ್ಲಿದೆ. ನೀವು ಆರಿಸಿದ ಕಂಪನಿಯಲ್ಲಿ ಇದೆಯೇ ಕೇಳಿ. ಇರುವ ಕಡೆ ನಿಮ್ಮ ಕೆಲಸ ಅರ್ಧ ಹಗುರ, ‘ಹಡಗಿನ ನಿಯಮ’ ಎಂದರೆ ವಾದವಿಲ್ಲ. ಮದ್ಯ ಕುಡಿದೋ ಕುಡಿಸಿಯೋ ಸಿಕ್ಕಿಬಿದ್ದರೆ ಮುಂದಿನ ಬಂದರಿನಲ್ಲಿ ಇಡೀ ಕುಟುಂಬವನ್ನು ಇಳಿಸುವ ಹಕ್ಕನ್ನು ಕಂಪನಿಗಳು ಕರಾರಿನಲ್ಲಿ ಇಟ್ಟುಕೊಂಡಿರುತ್ತವೆ ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ.

ನಮ್ಮ ಮನೆಯಲ್ಲಿ ಉಳಿದ ಒಪ್ಪಂದಗಳು ಇಷ್ಟು. ದಿನಕ್ಕೆ ಒಂದು ಊಟ ಎಲ್ಲರೂ ಒಟ್ಟಿಗೆ. ಬೇರೆಯವರ ಕ್ಯಾಬಿನ್ ಒಳಗೆ ಹೋಗುವುದಿಲ್ಲ, ಬೇರೆಯವರನ್ನು ನಮ್ಮದಕ್ಕೆ ಕರೆಯುವುದಿಲ್ಲ; ಸಿಬ್ಬಂದಿಯಾದರೂ ಅಷ್ಟೇ. ತನ್ನ ಲೋಟ ತನ್ನ ಕಣ್ಣೆದುರೇ. ಬಾಲ್ಕನಿಯ ಕಂಬಿಯ ಮೇಲೆ ಕೂರುವುದು, ಹತ್ತುವುದು ಯಾವ ಕಾರಣಕ್ಕೂ ಇಲ್ಲ. ಅಮೆರಿಕದ 2010ರ ಕ್ರೂಸ್ ಸುರಕ್ಷತಾ ಕಾನೂನು ಕಂಬಿಗಳು ಕನಿಷ್ಠ 42 ಅಂಗುಲ ಎತ್ತರವಿರಬೇಕು, ಕ್ಯಾಬಿನ್ ಬಾಗಿಲಿಗೆ ಹೊರಗೆ ನೋಡುವ ಕಿಂಡಿ ಇರಬೇಕು ಎನ್ನುತ್ತದೆ. ನಿಂತವರನ್ನು ಅಷ್ಟು ಎತ್ತರ ಕಾಯುತ್ತದೆ, ಹತ್ತಿದವರನ್ನು ಯಾವುದೂ ಕಾಯುವುದಿಲ್ಲ. ಹಡಗುಗಳಲ್ಲಿ ನಡೆದು ವರದಿಯಾದ ಗಂಭೀರ ಅಪರಾಧಗಳ ಸಂಖ್ಯೆಯನ್ನು ಕಂಪನಿವಾರು ಪ್ರಕಟಿಸುವುದೂ ಆ ಕಾನೂನಿನಿಂದಲೇ ಬಂದದ್ದು. ಅಮೆರಿಕದ ಸಾರಿಗೆ ಇಲಾಖೆ ಅದನ್ನು ಮೂರು ತಿಂಗಳಿಗೊಮ್ಮೆ ಹಾಕುತ್ತದೆ. ಶುಚಿತ್ವಕ್ಕೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹಡಗುಗಳನ್ನು ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಪಾಸು. ನಿಮ್ಮ ಹಡಗಿನ ಅಂಕ ಹುಡುಕಲು ಐದು ನಿಮಿಷ ಸಾಕು. ಹಡಗಿನ ಮೇಲೆ ಹರಡುವ ನೊರೊವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರಿನಲ್ಲೇ ಕೈ ತೊಳೆಯಲು ಹೇಳಿ.

ಹೆಜ್ಜೆ 9: ಬುಕಿಂಗ್ ಮತ್ತು ಕಾಗದಪತ್ರ

ಮುಂಗಡ ವಾಪಸು ಬರುತ್ತದೆಯೇ, ಪೂರ್ತಿ ಹಣ ಯಾವಾಗ ಕಟ್ಟಬೇಕು, ಎರಡನ್ನೇ ಮೊದಲು ಕೇಳಿ. ಅಗ್ಗದ ದರಗಳಲ್ಲಿ ಮುಂಗಡ ಹೋದರೆ ಹೋದದ್ದೇ. ಪೂರ್ತಿ ಹಣಕ್ಕೆ ಹಲವು ಕಡೆ ಸುಮಾರು ಮೂರು ತಿಂಗಳ ಮೊದಲಿನ ಗಡುವು. ಆ ಗಡುವಿನವರೆಗೆ ದರ ಇಳಿದರೆ ಹೊಸ ದರಕ್ಕೆ ಬದಲಿಸಿಕೊಡಲು ಕೇಳಬಹುದು, ಎಷ್ಟೋ ಕಡೆ ಒಪ್ಪುತ್ತಾರೆ.

ಪಾಸ್‌ಪೋರ್ಟಿಗೆ ಪ್ರವಾಸ ಮುಗಿದ ಮೇಲೂ ಆರು ತಿಂಗಳ ಅವಧಿ ಇರಲಿ. ಮಕ್ಕಳ ಪಾಸ್‌ಪೋರ್ಟು ದೊಡ್ಡವರದಕ್ಕಿಂತ ಬೇಗ ಮುಗಿಯುತ್ತದೆ ಎಂಬುದು ಮರೆತುಹೋಗುವ ಸಂಗತಿ. ಹಡಗು ಒಂದು ದೇಶದಿಂದ ಹೊರಟು ಬೇರೆ ದೇಶ ಮುಟ್ಟಿ ಮತ್ತೆ ಅಲ್ಲಿಗೇ ಬರುವುದಾದರೆ ಒಂದೇ ಪ್ರವೇಶದ ವೀಸಾ ಸಾಲದಿರಬಹುದು, ಬಹುಪ್ರವೇಶದ್ದು ಬೇಕೇ ವಿಚಾರಿಸಿ. ತಂದೆ ಅಥವಾ ತಾಯಿ ಒಬ್ಬರೇ ಕರೆದೊಯ್ಯುತ್ತಿದ್ದರೆ, ಇಲ್ಲವೇ ಮಗುವಿನ ಗೆಳೆಯನನ್ನು ಜೊತೆಗೆ ಕರೆದೊಯ್ಯುತ್ತಿದ್ದರೆ, ಸಹಿ ಮಾಡಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ವಿಮೆ ತೆಗೆದುಕೊಳ್ಳುವಾಗ ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂಬ ಒಂದು ಸಾಲನ್ನು ತಪ್ಪದೆ ಓದಿ. ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ತಲುಪಿರಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಹೆಜ್ಜೆ 10: ಮೊದಲ ಸಂಜೆ

ಟೀನ್ ಕ್ಲಬ್ಬಿನ ಪರಿಚಯದ ಕೂಟ ಮೊದಲ ರಾತ್ರಿಯೇ ಇರುತ್ತದೆ. ಗುಂಪುಗಳು ಕಟ್ಟಿಕೊಳ್ಳುವುದು ಆಗಲೇ. ಎರಡನೆಯ ದಿನ ಹೋದ ಮಗು ಅದಾಗಲೇ ಕೂಡಿಕೊಂಡವರ ನಡುವೆ ಜಾಗ ಹುಡುಕಬೇಕಾಗುತ್ತದೆ. ನಮ್ಮ ಮೊದಲ ಪ್ರವಾಸದಲ್ಲಿ ಮಗಳು ಕಳೆದುಕೊಂಡ ಎರಡು ದಿನ ಅದೇ. ಆದ್ದರಿಂದ ಬುಕಿಂಗ್ ಸಮಯದಲ್ಲಿ ರಾತ್ರಿಯೂಟದ ವೇಳೆ ಆರಿಸುವಾಗ ಮುಂಚಿನದನ್ನೇ ತೆಗೆದುಕೊಳ್ಳಿ, ತಡವಾದ ಊಟ ಆ ಕೂಟದ ಹೊತ್ತಿಗೇ ಬಂದು ಬೀಳುತ್ತದೆ. ಮೊದಲ ರಾತ್ರಿಗೆ ವಿಶೇಷ ರೆಸ್ಟೋರೆಂಟು, ನಾಟಕ ಏನನ್ನೂ ಕಾಯ್ದಿರಿಸಬೇಡಿ. ಮಧ್ಯಾಹ್ನವೇ ಮಗುವಿನ ಜೊತೆ ಹೋಗಿ ಕ್ಲಬ್ಬಿನ ಬಾಗಿಲು ಎಲ್ಲಿದೆ ನೋಡಿಕೊಂಡು ಬನ್ನಿ. ರಾತ್ರಿ ‘ಅರ್ಧ ಗಂಟೆ ಇರು, ಬೇಡ ಅನ್ನಿಸಿದರೆ ಬಂದುಬಿಡು, ನಾವು ಐದನೆಯ ಡೆಕ್ಕಿನಲ್ಲಿ ಕಾಫಿ ಕುಡಿಯುತ್ತಾ ಇರುತ್ತೇವೆ’ ಎಂದು ಹೇಳಿ ಕಳಿಸಿ. ಹೇಳಿದ ಡೆಕ್ಕಿನಲ್ಲಿ, ಹೇಳಿದ ಮೇಜಿನಲ್ಲೇ ಕೂತಿರಿ. ಎರಡನೆಯ ಪ್ರವಾಸದಲ್ಲಿ ನಾವು ಹಾಗೆ ಕೂತಿದ್ದೆವು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು, ಕಾಫಿ ಎರಡು ಸಲ ಆಯಿತು; ಹನ್ನೊಂದೂವರೆಗೆ ಮಗಳು ಓಡುತ್ತಾ ಬಂದು, ಇನ್ನರ್ಧ ಗಂಟೆ ಇರಬಹುದಾ ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ವಾಪಸು ಓಡಿದಳು.